ಕೈಗೆ ಬಣ್ಣ ಹತ್ತದ ಗಣಪ

ಚೌತಿ ಹತ್ತಿರ ಬಂತೆಂದರೆ ನಮ್ಮ ಬ್ಲಾಗುಗಳಲ್ಲಿ ಎರಡು ಥರದ ಬರಹ ಗ್ಯಾರಂಟಿ. ಒಂದು ಚಕ್ಕುಲಿ ಕಂಬಳದ ನೆನಪು. ಇನ್ನೊಂದು "ಪಿಓಪಿ ಬೇಡ, ಮಣ್ಣಿನ ಗಣಪನನ್ನೇ ತನ್ನಿ" ಎಂಬ ಉಪದೇಶ. ಚಕ್ಕುಲಿ ಬಗ್ಗೆ ನನ್ನ ತಕರಾರೇನೂ ಇಲ್ಲ, ಎಷ್ಟು ಬೇಕಾದರೂ ಬರೆಯಿರಿ, ಒಂದು ಡಬ್ಬಿ ಕಳಿಸಿದರೆ ಇನ್ನೂ ಸಂತೋಷ :-) ತಕರಾರು ಇರೋದು ಆ ಉಪದೇಶದ ಮೇಲೆ.

ಅಲ್ಲಾ ಸ್ವಾಮಿ, ಮಣ್ಣಿನದು ಅಂದಾಕ್ಷಣ ಮುಗಿದೇ ಹೋಯಿತಾ? ಆ ಮಣ್ಣಿನ ಮೈಮೇಲೆ ಮೊದಲ ಕೋಟು ಯಾವುದು ಬಿದ್ದಿದೆ ಅಂತ ಒಬ್ಬರಾದರೂ ಕೇಳಿದ್ದೀರಾ? ಇಷ್ಟು ವರ್ಷದಿಂದ ಚೌತಿ ಬರಹಗಳನ್ನು ಓದುತ್ತಿದ್ದೇನೆ. "ಮಣ್ಣಾ, ಪಿಓಪಿಯಾ" ಅನ್ನೋ ಒಂದೇ ಪ್ರಶ್ನೆಯ ಪರೀಕ್ಷೆ. ಅದಕ್ಕೆ ಉತ್ತರ ಬರೆದವರೆಲ್ಲ ಫಸ್ಟ್ ಕ್ಲಾಸ್.

ನಮ್ಮ ಕಿರವತ್ತಿ ಗೊತ್ತಿಲ್ಲದವರಿಗೆ ಎರಡು ಮಾತು. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಕಲಘಟಗಿ ದಾಟಿ, ಯಲ್ಲಾಪುರ ಇನ್ನೂ ಬರೋದಿದೆ ಅನ್ನುವಾಗ ಸಿಗುವ ಊರು. ಅರಣ್ಯ ಇಲಾಖೆಯ ಕಟ್ಟಿಗೆ ಡಿಪೋ ಇದೆ, ಆ ಹೆಸರು ಕೇಳಿದವರಿರಬಹುದು. ಅತ್ತ ಬಯಲುಸೀಮೆಯೂ ಅಲ್ಲ, ಇತ್ತ ಪೂರ್ತಿ ಮಲೆನಾಡೂ ಅಲ್ಲ. ಲಾರಿಗಳು ಹಗಲೂ ರಾತ್ರಿ ಓಡುವ ರಸ್ತೆ. ಲಾರಿ ಇದ್ದಲ್ಲಿ ಪಂಕ್ಚರ್ ಅಂಗಡಿ, ವೆಲ್ಡಿಂಗು, ಟಿಂಕರಿಂಗು, ಪೇಂಟಿಂಗು. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಶ್ರಾವಣ ಬಂದಾಗ ಲಾರಿ ಬಾಡಿಗೆ ಬಣ್ಣ ಹೊಡೆಯುವ ಅದೇ ಕಂಪ್ರೆಸರು, ಅದೇ ಗನ್ನು, ಎಷ್ಟೋ ಸಲ ಅದೇ ಡಬ್ಬಿಯ ಬಣ್ಣ, ಗಣಪತಿ ಶೆಡ್ಡಿಗೆ ಬರುತ್ತದೆ. ಸಾಲಾಗಿ ನಿಂತ ನಲವತ್ತು ಗಣಪರ ಮೇಲೆ ಸುಂಯ್ ಅಂತ ಬಿಳಿ ಪ್ರೈಮರು. ಹತ್ತು ನಿಮಿಷ ಬಿಟ್ಟು ಮೈಬಣ್ಣ. ಕಂಪ್ರೆಸರ್ ಇಲ್ಲದ ಸಣ್ಣವರು ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿಯನ್ನೇ ಗಲಗಲ ಕುಲುಕಿ ಹೊಡೆಯುತ್ತಾರೆ. ಒಳಗಿರೋದು ನಮ್ಮದೇ ಕೆರೆಯ ಜೇಡಿಮಣ್ಣು, ಅದರಲ್ಲಿ ಅನುಮಾನವಿಲ್ಲ. ಹೊರಗಿರೋದು ಲಾರಿಯ ಚರ್ಮ.

ಇನ್ನು ಸ್ಪ್ರೇ ಬಗ್ಗೆ ಮಾತಾಡಲು ನಾನ್ಯಾರು? ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ಆದರೆ ಭಾನುವಾರಗಳಲ್ಲಿ ಪ್ಲಾಸ್ಟಿಕ್ ವಿಮಾನ, ಟ್ಯಾಂಕು, ಹೆಬ್ಬೆರಳುದ್ದದ ಸೈನಿಕರನ್ನು ಅಂಟಿಸಿ ಬಣ್ಣ ಬಳಿಯೋದು ನನ್ನ ಹುಚ್ಚು. (ಮನೆಯಲ್ಲಿ ಇದಕ್ಕೆ "ದೊಡ್ಡವನಾದ ಮೇಲೂ ಆಟಿಕೆ" ಅಂತ ಹೆಸರು.) ಆ ಲೋಕದಲ್ಲಿ ಸ್ಪ್ರೇ ಪ್ರೈಮರ್ ಇಲ್ಲದೆ ಕೆಲಸ ಶುರುವಾಗೋದೇ ಇಲ್ಲ. ಅದಕ್ಕೆ ಕಾರಣವೂ ಉಂಟು. ಪ್ಲಾಸ್ಟಿಕ್ಕಿನ ಮೈ ಗಾಜಿನ ಹಾಗೆ ನುಣುಪು, ಒಂದು ಹನಿ ನೀರನ್ನೂ ಹೀರೋದಿಲ್ಲ. ಅಚ್ಚಿನಿಂದ ಬಿಡಿಸುವಾಗ ಹಚ್ಚಿದ ಜಿಡ್ಡು ಬೇರೆ ಇರುತ್ತದೆ. ನೀರಿನ ಬಣ್ಣ ಹಚ್ಚಿದರೆ ಕೆಸುವಿನೆಲೆ ಮೇಲಿನ ಹನಿಯ ಹಾಗೆ ಗುಂಡಗೆ ನಿಲ್ಲುತ್ತದೆ. ಒಣಗಿದ ಮೇಲೆ ಉಗುರು ತಾಗಿದರೂ ಎದ್ದು ಬರುತ್ತದೆ. ಅದಕ್ಕೇ ಕಚ್ಚಿ ಹಿಡಿಯುವ ರಾಳವನ್ನು ಸಾಲ್ವೆಂಟಿನಲ್ಲಿ ಕರಗಿಸಿ, ತೆಳ್ಳಗೆ, ಸಮನಾಗಿ, ಸಣ್ಣ ಗೆರೆಗಳು ಮುಚ್ಚಿಹೋಗದ ಹಾಗೆ ತುಂತುರು ಹೊಡೆಯಬೇಕು. ಅದರ ಮೇಲೆ ಬೇಸ್ ಕೋಟು, ಅದರ ಮೇಲೆ ಕುಂಚದ ಕೆಲಸ.

ಸ್ಪ್ರೇ ಡಬ್ಬಿ ಹುಟ್ಟಿದ್ದೂ ಇಂಥ ಮೈಗಳಿಗೇ. 1949ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಎಡ್ ಸೈಮೋರ್ ಎಂಬ ಪೇಂಟ್ ವ್ಯಾಪಾರಿ ತನ್ನ ಅಲ್ಯುಮಿನಿಯಂ ಬಣ್ಣವನ್ನು ಡಬ್ಬಿಯಲ್ಲಿ ತುಂಬಿ ಸಿಂಪಡಿಸಿ ತೋರಿಸಿದ. ಐಡಿಯಾ ಅವನ ಹೆಂಡತಿಯದು. ಮನೆ ಬೆಚ್ಚಗಿಡುವ ಕಬ್ಬಿಣದ ರೇಡಿಯೇಟರುಗಳಿಗೆ ಹಚ್ಚುವ ಬಣ್ಣ ಅದು.

ಈಗ ಒಣಗಿದ ಜೇಡಿಮಣ್ಣನ್ನು ನೋಡಿ. ಅದರ ತುಂಬ ಸೂಕ್ಷ್ಮ ರಂಧ್ರಗಳು. ನಾಲಿಗೆ ತಾಗಿಸಿದರೆ ಅಂಟಿಕೊಳ್ಳುತ್ತದೆ, ಚಿಕ್ಕವರಿದ್ದಾಗ ಬಳಪ ತಿಂದವರಿಗೆಲ್ಲ ಗೊತ್ತು. ಅದಕ್ಕೆ ಬಣ್ಣ ಕಚ್ಚಿಸಲು ಯಾವ ರಾಳವೂ ಬೇಡ, ಹಚ್ಚಿದ್ದನ್ನು ತಾನೇ ಎಳೆದುಕೊಳ್ಳುತ್ತದೆ. ಮಣ್ಣಿನ ತೊಂದರೆ ಬಣ್ಣ ಹಿಡಿಯದಿರೋದಲ್ಲ, ಅತಿಯಾಗಿ ಕುಡಿಯೋದು. ಅದಕ್ಕೆ ಬೇಕಾದದ್ದು ಆ ರಂಧ್ರಗಳನ್ನು ಅರೆಬರೆ ತುಂಬಿ, ಮೇಲೆ ಬಿಳಿ ನೆಲ ಕೊಡುವಂಥದ್ದು. ಚಾಕ್ ಪುಡಿ, ಸ್ವಲ್ಪ ಅಂಟು, ನೀರು. ಮುಗೀತು. ಪ್ಲಾಸ್ಟಿಕ್ಕಿನ ಕಾಯಿಲೆಗೆ ಕೊಟ್ಟ ಔಷಧಿಯನ್ನು ಆರೋಗ್ಯವಾಗಿರುವ ಮಣ್ಣಿಗೆ ಕುಡಿಸುತ್ತಿದ್ದೇವೆ ಅಂತ ನಾನು ಹೇಳೋದು ಇದಕ್ಕೇ.

ಇದೇನೂ ನನ್ನ ಸಂಶೋಧನೆ ಅಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದವರು ಮರದ ಗೊಂಬೆಗೆ ಬಣ್ಣಕ್ಕೆ ಮೊದಲು ಅಂಟು ಸೇರಿಸಿದ ಕಲ್ಲಿನ ಪುಡಿಯನ್ನು ಹಚ್ಚುತ್ತಾರಲ್ಲ, ಅದು ಪ್ರೈಮರೇ. ನಮ್ಮ ಸಿದ್ದಾಪುರ, ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವ ಮೊದಲು ಗೋಡೆಗೆ ಕೆಮ್ಮಣ್ಣು ಸಾರಿಸುತ್ತಾರೆ. ಅದು ಬೇಸ್ ಕೋಟು. ಅದರ ಮೇಲೆ ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಗೆ ಬೀಜದ ಹಳದಿ. ಗೋಡೆ ಯಾವುದು, ಅದು ಎಷ್ಟು ನೀರು ಕುಡಿಯುತ್ತೆ, ಅದಕ್ಕೆ ಒಪ್ಪುವ ನೆಲ ಯಾವುದು ಅಂತ ಪೂರ್ತಿ ತಿಳಿದವರ ಕೆಲಸ. ಪ್ರೈಮರ್ ಅನ್ನೋ ಶಬ್ದ ಕೇಳದೆಯೇ ಅದರ ತತ್ವ ಗೊತ್ತಿದ್ದ ಜಿಲ್ಲೆ ನಮ್ಮದು.

ಮಾತಲ್ಲಿ ಬೇಡ, ಮಾಡಿಯೇ ನೋಡೋಣ ಅಂತ ಹೋದ ಮಳೆಗಾಲ ಹಿತ್ತಿಲಲ್ಲಿ ಮೂರು ಬಕೆಟ್ ಇಟ್ಟೆ. ಒಂದೇ ಮಣ್ಣಿನ, ಒಂದೇ ಅಳತೆಯ, ಚೆನ್ನಾಗಿ ಒಣಗಿದ ಮೂರು ಉಂಡೆಗಳು. ಒಂದು ಬರಿ ಮಣ್ಣು. ಎರಡನೆಯದಕ್ಕೆ ಚಾಕ್ ಪುಡಿ, ಗೋಂದು, ಮೇಲೆ ಪೋಸ್ಟರ್ ಕಲರ್. ಮೂರನೆಯದಕ್ಕೆ ಸ್ಪ್ರೇ ಪ್ರೈಮರ್ ಮತ್ತು ಸ್ಪ್ರೇ ಬಣ್ಣ. ಬರಿ ಮಣ್ಣಿನದು ನೀರಿಗೆ ಬಿದ್ದ ಕೂಡಲೇ ಗುಳುಗುಳು ಗುಳ್ಳೆ ಬಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಕುಸಿದಿತ್ತು. ಎರಡನೆಯದು ಸ್ವಲ್ಪ ತಡ ಮಾಡಿತು, ಸಂಜೆಯೊಳಗೆ ಅದೂ ರಾಡಿ. ಮೂರನೆಯದು ಮರುದಿನ ಬೆಳಿಗ್ಗೆಯೂ ಉಂಡೆಯೇ. ಎರಡು ದಿನದ ಮೇಲೆ ಕೋಲಿನಿಂದ ಚುಚ್ಚಿದೆ. ಒಳಗಿನ ಮಣ್ಣು ಅಲ್ಲಲ್ಲಿ ಮೆತ್ತಗಾಗಿ ಸೋರಿತು, ಮೇಲಿನ ಬಣ್ಣ ಮಾತ್ರ ಹಾವಿನ ಪೊರೆಯ ಹಾಗೆ ಒಂದೇ ತುಂಡಾಗಿ ಕೋಲಿಗೆ ಸುತ್ತಿಕೊಂಡು ಮೇಲೆ ಬಂತು. ಬೇಕಾದವರು ಮನೆಯಲ್ಲಿ ಮಾಡಿ ನೋಡಬಹುದು. ಮಣ್ಣು ಪೂರ್ತಿ ಒಣಗಿರಬೇಕು ಅಷ್ಟೆ. ಹಸಿ ಮಣ್ಣು ನೀರಲ್ಲಿ ಬೇಗ ಕರಗೋದಿಲ್ಲ, ಒಣಗಿದ್ದೇ ಬೇಗ ಕರಗೋದು.

ಆ ಪೊರೆ ಹೋಗಿ ಕೂರೋದು ಎಲ್ಲಿ? ಬೆಂಗಳೂರಿನವರಿಗೆ ಕಲ್ಯಾಣಿ, ಟ್ಯಾಂಕರು, ಕಾರ್ಪೊರೇಷನ್ನಿನ ವ್ಯವಸ್ಥೆ. ನಮ್ಮ ಕಡೆ ಹಾಗಲ್ಲ. ಹಳ್ಳ, ಕೆರೆ, ತೋಟದ ಹೊಂಡ, ಎಷ್ಟೋ ಮನೆಗಳಲ್ಲಿ ಅಂಗಳದ ಬಾವಿ. ಹೌದು, ಮಾರನೇ ದಿನ ಕೊಡಪಾನ ಇಳಿಸುವ ಅದೇ ಕುಡಿಯುವ ನೀರಿನ ಬಾವಿ. ಬರಿ ಮಣ್ಣು, ಅರಿಶಿನ-ಕುಂಕುಮದ ಕಾಲದಲ್ಲಿ ಅದು ಸರಿಯೇ ಇತ್ತು. ಮಣ್ಣು ತಳಕ್ಕೆ ಹೋಗುತ್ತದೆ, ಒಂದೆರಡು ದಿನ ನೀರು ಕದಡುತ್ತದೆ, ಆಮೇಲೆ ತಿಳಿ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ, ಇಂಜಿನಿಯರ್ ಅನ್ನಿಸಿಕೊಂಡಿದ್ದಕ್ಕೆ ಅಷ್ಟಾದರೂ ಬೇಡವೇ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ಬಿಐಎಸ್ ಮಾನದಂಡ. ಒಂದಡಿ ಗಣಪನ ಮೇಲೆ ಒಣಗಿದ ಬಣ್ಣ 20 ಗ್ರಾಂ ಇದೆ, ಅದರಲ್ಲಿ ನೂರಕ್ಕೆ ಒಂದು ಪಾಲು ಸೀಸ ಇದೆ ಅಂತ ಇಟ್ಟುಕೊಳ್ಳಿ. 200 ಮಿಲಿಗ್ರಾಂ ಆಯಿತು. ಅಷ್ಟೂ ಕರಗಿದರೆ 20 ಸಾವಿರ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಲು ಸಾಕು. ಹತ್ತಡಿ ಅಗಲದ ಬಾವಿಯಲ್ಲಿ ಹತ್ತಡಿ ನೀರಿದ್ದರೆ ಅದು ಸುಮಾರು 22 ಸಾವಿರ ಲೀಟರ್. ಒಂದು ಗಣಪ, ಒಂದು ಬಾವಿ. ಎಲ್ಲವೂ ಒಂದೇ ಸಲ ಕರಗೋದಿಲ್ಲ, ಬಹುಪಾಲು ಕೆಸರಲ್ಲಿ ಕೂರುತ್ತದೆ, ಒಪ್ಪಿದೆ. ಆದರೆ ಬಾವಿಗೆ ಪ್ರತಿ ವರ್ಷವೂ ಚೌತಿ ಬರುತ್ತದೆ. ಕೆಸರು ಎತ್ತೋದು ಯಾವಾಗಲೋ ಒಮ್ಮೆ. ಸೀಸಕ್ಕೆ "ಇಷ್ಟು ಒಳಗೆ ಹೋದರೆ ಪರವಾಗಿಲ್ಲ" ಅನ್ನುವ ಪ್ರಮಾಣವೇ ಗೊತ್ತಾಗಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲು ಪೆಟ್ಟು ತಿನ್ನೋದು ಚಿಕ್ಕ ಮಕ್ಕಳ ಮಿದುಳು.

"ಈಗಿನ ಬಣ್ಣದಲ್ಲಿ ಸೀಸ ಇರಲ್ಲಪ್ಪ, ಕಾನೂನೇ ಬಂದಿದೆ" ಅಂತ ಯಾರಾದರೂ ಹೇಳೇ ಹೇಳ್ತೀರಿ. ಬಂದಿದೆ. 2016ರಲ್ಲಿ ನಿಯಮ ಮಾಡಿ, 2017ರ ನವೆಂಬರ್‌ನಿಂದ ಜಾರಿಗೆ ತಂದರು. ಮಿತಿ 90 ಪಿಪಿಎಂ, ಅಂದರೆ ಕಿಲೋ ಬಣ್ಣಕ್ಕೆ 90 ಮಿಲಿಗ್ರಾಂ. ಆದರೆ ಆ ನಿಯಮದ ಹೆಸರನ್ನೇ ಓದಿ ನೋಡಿ: ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳು. ಲಾರಿ, ಯಂತ್ರ, ಗೇಟು, ಗರ್ಡರುಗಳಿಗೆ ಹೊಡೆಯುವ ಕೈಗಾರಿಕಾ ಬಣ್ಣ ಅದರೊಳಗೆ ಬರೋದಿಲ್ಲ. ಢಾಳಾದ ಹಳದಿ, ಕಿತ್ತಳೆ ಬಣ್ಣಗಳಿಗೆ ಮೊದಲಿಂದ ಬಳಸಿಕೊಂಡು ಬಂದ ಲೆಡ್ ಕ್ರೋಮೇಟ್‌ನಲ್ಲಿ ಸೀಸವೂ ಇದೆ, ಕ್ರೋಮಿಯಮ್ಮೂ ಇದೆ. ಮನೆ ಗೋಡೆಗೆ ಹಚ್ಚಬಾರದ ಬಣ್ಣವನ್ನು ದೇವರಿಗೆ ಹಚ್ಚಿ ಬಾವಿಗೆ ಬಿಡಲು ದಾರಿ ತೆರೆದೇ ಇದೆ. ವಿಸರ್ಜನೆ ಬಗ್ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು, 2020ರಲ್ಲಿ ಪರಿಷ್ಕರಿಸಿತು. ಅದರಲ್ಲಿ ಪಿಓಪಿ ಜೊತೆಗೆ ಎನಾಮೆಲ್, ಎಣ್ಣೆಬಣ್ಣಗಳನ್ನೂ ಬೇಡ ಅಂತ ಹೇಳಿದೆ. ಪತ್ರಿಕೆಯವರು ಪಿಓಪಿಯ ಸಾಲನ್ನು ಹೆಡ್‌ಲೈನ್ ಮಾಡಿದರು, ನಾವು ಬ್ಲಾಗಿಗರು ಹೆಡ್‌ಲೈನನ್ನು ಬ್ಲಾಗ್ ಮಾಡಿದೆವು, ಬಣ್ಣದ ಸಾಲು ಅಲ್ಲೇ ಉಳಿಯಿತು.

ನಿಜ ಹೇಳಬೇಕೆಂದರೆ ಪಿಓಪಿಯನ್ನು ಗುಮ್ಮನ ಹಾಗೆ ತೋರಿಸೋದರಲ್ಲೂ ಸ್ವಲ್ಪ ಸೋಮಾರಿತನ ಇದೆ. ಪಿಓಪಿ ಗಟ್ಟಿಯಾದ ಮೇಲೆ ಅದು ಜಿಪ್ಸಮ್. ಲೀಟರ್ ನೀರಿಗೆ ಎರಡು ಗ್ರಾಂ ಆಸುಪಾಸು ಕರಗುತ್ತದೆ, ಅದಕ್ಕೇ ತಿಂಗಳುಗಟ್ಟಲೆ ಕೈಕಾಲು ಮುರಿದುಕೊಂಡು ಕೆರೆ ದಂಡೆಯಲ್ಲಿ ಬಿದ್ದಿರುತ್ತದೆ. ಕಣ್ಣಿಗೆ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ನಾನು ಪಿಓಪಿ ಪರ ವಕೀಲನಲ್ಲ, ಅದು ಬೇಡವೇ ಬೇಡ. ಆದರೆ ಅದರ ಮೇಲಿನ ಬಣ್ಣವೂ ಇದರ ಮೇಲಿನ ಬಣ್ಣವೂ ಒಂದೇ ಗನ್ನಿನಿಂದ ಬಂದದ್ದಾದರೆ, "ನಮ್ಮದು ಮಣ್ಣಿನದು" ಅಂತ ಬೀಗೋದು ಯಾವ ಸೌಭಾಗ್ಯಕ್ಕೆ?

ಇಷ್ಟೆಲ್ಲ ಬರೆದದ್ದು ಗಣಪತಿ ಮಾಡುವವರನ್ನು ಬೈಯಲು ಅಂತ ದಯವಿಟ್ಟು ತಿಳಿಯಬೇಡಿ. ನಮ್ಮ ಕಡೆ ಗಣಪ ಮಾಡುವ ಕಾಕಾ ಒಬ್ಬರನ್ನು ಕೇಳಿದೆ. ಮೊದಲೆಲ್ಲ ಕುಂಚದಲ್ಲೇ ಬಳೀತಿದ್ದಿರಲ್ಲ ಕಾಕಾ, ಈ ಗನ್ನು ಯಾಕೆ ಹಿಡಿದಿರಿ?

"ತಮ್ಮಾ, ಈ ಮಳ್ಯಾಗ ಕುಂಚದ ಬಣ್ಣ ಎರಡ ದಿನ ಆದ್ರೂ ಒಣಗಂಗಿಲ್ಲ. ಗನ್ ಹೊಡದ್ರ ಹತ್ತ ನಿಮಿಷ. ಅದ ಹೋಗ್ಲಿ, ಮಂದಿ ಬರ್ತಾರ, ಬೆರಳ್ಲೆ ತಿಕ್ಕಿ ನೋಡ್ತಾರ. ಕೈಗೆ ಬಣ್ಣ ಹತ್ತಿದ್ರ ಇದೇನ್ ಕಾಕಾ ಬಣ್ಣ ಬಿಡ್ತೈತಿ ಅಂತ ಮಗ್ಗಲದಾಂವನ ಕಡೆ ಹೊಕ್ಕಾರ. ನಾ ಏನ್ ಮಾಡ್ಲಿ ಹೇಳ?"

ಕೇಳಿಸಿತಾ? ಆ ತಿಕ್ಕಿ ನೋಡುವ ಬೆರಳು ಯಾರದ್ದು? ನಮ್ಮದು. ಎರಡು ದಿನ ಪೂಜೆ ಮಾಡಿ ನೀರಿಗೆ ಬಿಡುವ ಮೂರ್ತಿಯ ಬಣ್ಣ ಹತ್ತು ವರ್ಷ ಬಾಳಬೇಕು ಅನ್ನೋ ಹಾಗೆ ಪರೀಕ್ಷೆ ಮಾಡುವವರು ನಾವು. ಕೈಗೆ ಬಣ್ಣ ಹತ್ತಬಾರದು ಅನ್ನೋದೇ ಇಲ್ಲಿ ಉಲ್ಟಾ ಪರೀಕ್ಷೆ. ಒದ್ದೆ ಬೆರಳಿಗೆ ಬಣ್ಣ ಹತ್ತಿದರೆ ಅದು ನೀರಿಗೆ ಬಿಡುವ ಬಣ್ಣ, ಒಳಗಿನ ಮಣ್ಣಿಗೆ ನೀರನ್ನೂ ಬಿಡುತ್ತದೆ. ಹತ್ತದಿದ್ದರೆ ಪೊರೆ. ಮನೆಯಲ್ಲಿ ಬಣ್ಣದ ಗಣಪನಿಗೆ ಯಾರೂ ಬಿಂದಿಗೆ ಸುರಿದು ಅಭಿಷೇಕ ಮಾಡೋದಿಲ್ಲ. ಹೂವಿನಲ್ಲೋ ಗರಿಕೆಯಲ್ಲೋ ನಾಲ್ಕು ಹನಿ ಪ್ರೋಕ್ಷಣೆ. ಅಷ್ಟಕ್ಕೆ ವಾಟರ್‌ಪ್ರೂಫ್ ಯಾಕೆ ಬೇಕು?

ಮಳೆಯ ಮಾತೂ ಸುಳ್ಳಲ್ಲ. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕಿತ್ತು, 2025ರಲ್ಲಿ ಆಗಸ್ಟ್ 27ಕ್ಕೇ ಬಂತು. ಹೇಗೆ ನೋಡಿದರೂ ಮಳೆಗಾಲದ ಹೊಟ್ಟೆಯೊಳಗೆ. ಆದರೆ ಸ್ಪ್ರೇ ಮಳೆಗೆ ಉತ್ತರ ಅನ್ನೋದೂ ಅರ್ಧ ಸತ್ಯ. ಥಿನ್ನರ್ ಭರ್ರನೆ ಆರುವಾಗ ಮೂರ್ತಿಯ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬೂದಿ ಬಡಿದ ಹಾಗೆ ಬಿಳಿಚಿಕೊಳ್ಳುತ್ತದೆ. ನನ್ನ ವಿಮಾನಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಡಬ್ಬಿ ಮುಟ್ಟೋದಿಲ್ಲ. ಶೆಡ್ಡಿನವರು ಏನು ಮಾಡುತ್ತಾರೆ? ದೊಡ್ಡ ಬಲ್ಬು ಹಚ್ಚಿ, ತಾಡಪತ್ರಿ ಇಳಿಸಿ, ಗಾಳಿ ಆಡದ ಹಾಗೆ ಮುಚ್ಚಿ ಹೊಡೆಯುತ್ತಾರೆ. ಅಂದರೆ ಟೊಲ್ಯೂಯಿನ್, ಕ್ಸೈಲೀನ್ ಥರದ ಸಾಲ್ವೆಂಟುಗಳ ಹಬೆಯೊಳಗೆ ದಿನಕ್ಕೆ ಹತ್ತು ತಾಸು. ಮೂಗಿಗೆ ಟವೆಲ್ಲು. ಟವೆಲ್ಲು ಧೂಳು ತಡೆದೀತು, ಹಬೆಯನ್ನು ತಡೆಯೋದಿಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ವಾಹನಗಳಿಗೆ ಹಾರ್ಡ್‌ನರ್ ಬೆರೆಸಿ ಹೊಡೆಯುವ ಬಣ್ಣವಾದರೆ ಅದರಲ್ಲಿ ಐಸೋಸೈನೇಟ್ ಇರುತ್ತದೆ, ಅದು ಉಬ್ಬಸ ಅಂಟಿಸಿಬಿಡುವಂಥದ್ದು. ಶೆಡ್ಡಿನಲ್ಲಿ ಗನ್ ಹಿಡಿಯೋದು ಹೆಚ್ಚಾಗಿ ಹೈಸ್ಕೂಲು ಬಿಟ್ಟ ಹುಡುಗರು. ಸೀಸನ್ ಮುಗಿದ ಮೇಲೂ ಕೆಮ್ಮುತ್ತಿರುತ್ತಾರೆ, ಕೇಳಿದರೆ "ಥಂಡಿ ಆಗೇತಿ" ಅನ್ನುತ್ತಾರೆ.

ಇನ್ನೊಂದು ವಿಷಯ. ಪೂರ್ತಿ ಒಣಗದ ಮಣ್ಣಿನ ಮೇಲೆ ಪೊರೆ ಹೊಡೆದರೆ ಒಳಗಿನ ತೇವ ಹೊರಗೆ ಬರಲು ಜಾಗವಿಲ್ಲ. ಮಣ್ಣು ಒಣಗುತ್ತಾ ಕುಗ್ಗುತ್ತದೆ, ಪೊರೆ ಕುಗ್ಗೋದಿಲ್ಲ. ಚೌತಿ ದಿನ ಬೆಳಿಗ್ಗೆ ಗಣಪನ ಹೊಟ್ಟೆ ಮೇಲೆ ಬೊಬ್ಬೆ ಎದ್ದಿದ್ದು ಯಾಕೆ ಅಂತ ತಲೆ ಕೆರೆದುಕೊಂಡವರಿಗೆ ಇದೇ ಉತ್ತರ.

ಈಗ "ಇಕೋ ಫ್ರೆಂಡ್ಲಿ" ಗೆಳೆಯರ ಕಡೆ ತಿರುಗುತ್ತೇನೆ, ಬೇಜಾರು ಮಾಡ್ಕೋಬೇಡಿ. "ವಾಟರ್ ಬೇಸ್ಡ್ ಪೇಂಟ್ ಬಳಸಿದ್ದೇವೆ" ಅಂತ ಬೋರ್ಡು ನೋಡಿ ನಿಶ್ಚಿಂತರಾಗುತ್ತೀರಲ್ಲ, ಅಕ್ರಿಲಿಕ್ ಬಣ್ಣವೂ ವಾಟರ್ ಬೇಸ್ಡೇ. ನೀರು ಇರೋದು ಹಚ್ಚುವ ತನಕ. ಒಣಗಿದ ಮೇಲೆ ಅದೂ ಪ್ಲಾಸ್ಟಿಕ್ ಪೊರೆಯೇ, ಮತ್ತೆ ನೀರಿಗೆ ಹಾಕಿದರೆ ಕರಗೋದಿಲ್ಲ. ಥಿನ್ನರ್ ವಾಸನೆ ಇಲ್ಲ, ಹುಡುಗರ ಶ್ವಾಸಕೋಶಕ್ಕೆ ಎಷ್ಟೋ ವಾಸಿ, ಅಷ್ಟು ಮಟ್ಟಿಗೆ ಒಳ್ಳೆಯದು. ಬಾವಿಗೆ ಅಲ್ಲ.

ಹಾಗಂತ "ಹಿಂದಿನವರದ್ದೆಲ್ಲ ನೈಸರ್ಗಿಕ, ಆದ್ದರಿಂದ ಸುರಕ್ಷಿತ" ಅನ್ನುವ ಭಜನೆಗೂ ನಾನು ತಾಳ ಹಾಕೋದಿಲ್ಲ. ನಮ್ಮ ಯಕ್ಷಗಾನದವರು ಮುಖಕ್ಕೆ ಬಳಿದುಕೊಂಡು ಬಂದ ಅರದಾಳ ಆರ್ಸೆನಿಕ್ಕಿನ ಖನಿಜ, ಇಂಗಳೀಕ ಪಾದರಸದ್ದು. ಎರಡೂ ಭೂಮಿಯಿಂದಲೇ ಬಂದದ್ದು, ಅಪ್ಪಟ ನೈಸರ್ಗಿಕ, ಅಪ್ಪಟ ವಿಷ. ಕೇಳಬೇಕಾದ್ದು ಹಳೆಯದಾ ಹೊಸದಾ ಅಂತ ಅಲ್ಲ. ಬಣ್ಣದ ಪುಡಿ ಏನು, ಅದನ್ನು ಹಿಡಿದಿಡುವ ಅಂಟು ಏನು, ಆ ಅಂಟು ನೀರಲ್ಲಿ ಬಿಡುತ್ತದಾ. ಮೂರೇ ಪ್ರಶ್ನೆ. ಚಾಕ್ ಪುಡಿ, ಕೆಮ್ಮಣ್ಣು, ಅರಿಶಿನ, ಇದ್ದಿಲ ಕಪ್ಪು, ಇವುಗಳಿಗೆ ಗೋಂದೋ ಹುಣಸೆಬೀಜದ ಅಂಟೋ. ಮೂರಕ್ಕೂ ಉತ್ತರ ಸಿಗುತ್ತದೆ.

ಸ್ಪ್ರೇಯ ಚಂದವನ್ನು ನಾನು ಅಲ್ಲಗಳೆಯೋದಿಲ್ಲ. ಹೊಟ್ಟೆಯ ಉಬ್ಬಿಗೆ ತಿಳಿ ಗುಲಾಬಿ, ಮಡಿಕೆಗೆ ಗಾಢ, ನಡುವೆ ಗೆರೆಯೇ ಇಲ್ಲದೆ ಒಂದರಲ್ಲಿ ಒಂದು ಕರಗುವ ನೆರಳು. ಅದು ಕುಂಚದಲ್ಲಿ ಸುಲಭಕ್ಕೆ ಬರೋದಿಲ್ಲ, ನಾನೇ ಒದ್ದಾಡಿದ್ದೇನೆ. ಗನ್ನು ಬೇಡ ಅಂತ ನಾನು ಹೇಳುತ್ತಲೇ ಇಲ್ಲ. ಗನ್ನೊಳಗೆ ಏನು ತುಂಬಿದ್ದೀರಿ ಅಂತ ಕೇಳುತ್ತಿದ್ದೇನೆ. ಗೋಂದಿನ ಬಣ್ಣವನ್ನು ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ, ಒತ್ತಡ ಇಳಿಸಿ ಹೊಡೆದರೆ ಅದೇ ಗನ್ನಿನಲ್ಲಿ ಬರುತ್ತದೆ. ಒಣಗೋದು ನಿಧಾನ, ನಾಜಲ್ಲು ಆಗಾಗ ಕಟ್ಟುತ್ತದೆ, ತೊಳೆಯುವ ಕೆಲಸ ಜಾಸ್ತಿ. ಹೊಳಪು ಬರೋದಿಲ್ಲ. ಬರಬಾರದು ಕೂಡ, ಮಣ್ಣಿಗೆ ಟೈಲ್ಸ್ ಥರದ ಹೊಳಪು ಯಾಕೆ ಬೇಕು ನನಗಂತೂ ಅರ್ಥವಾಗಿಲ್ಲ.

1983ರಲ್ಲಿ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡ ಜಿಲ್ಲೆ ಇದು, ಬೇಡ್ತಿ ಯೋಜನೆ ಬೇಡ ಅಂತ ತಜ್ಞರನ್ನೇ ಕರೆಸಿ ಕೂರಿಸಿ ಚರ್ಚೆ ಮಾಡಿದ ಜಿಲ್ಲೆ. ನದಿಯ ವಿಷಯದಲ್ಲಿ ಅಷ್ಟು ಹಟ ಹಿಡಿದವರಿಗೆ ಅಂಗಳದ ಬಾವಿ ಯಾಕೆ ಕಾಣೋದಿಲ್ಲ ಅಂತ ನನಗೆ ಪ್ರತಿ ಚೌತಿಗೂ ಸಿಟ್ಟು ಬರುತ್ತದೆ. ಬಹುಶಃ ಅಲ್ಲಿ ಬೈಯಲು ಸರ್ಕಾರ ಇತ್ತು. ಇಲ್ಲಿ ಅಂಗಡಿಗೆ ಹೋಗುವವರು ನಾವೇ.

ಕಾಕಾ ಹೇಳಿದ ಲೆಕ್ಕ ಇದು: ಆಷಾಢದಲ್ಲೇ ಬಂದು ಹೇಳಿ, ಮುಂಗಡ ಕೊಟ್ಟರೆ, ಚಾಕ್ ಪುಡಿಯ ನೆಲ ಹಚ್ಚಿ ಕುಂಚದಲ್ಲೇ ಮಾಡಿಕೊಡುತ್ತಾರೆ. ಮಣ್ಣು ಒಣಗಲು ದಿನ ಸಿಗುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬಣ್ಣವೂ ಆರುತ್ತದೆ. ಕೂಲಿ ಹೆಚ್ಚು ಬೀಳುತ್ತದೆ. ಚೌತಿಗೆ ಮೂರು ದಿನ ಇರುವಾಗ ಬೈಕ್ ನಿಲ್ಲಿಸಿ "ಕಾಕಾ, ಒಂದು ನೂರು ಕಮ್ಮಿ ಮಾಡು" ಅನ್ನುವವರಿಗೆ ಗನ್ನಿನದೇ ಸಿಗೋದು. ಅದಕ್ಕಿಂತ ನೀವೇ ಒಂದು ಮುದ್ದೆ ಮಣ್ಣು ತಂದು ಸೊಂಡಿಲು ಸೊಟ್ಟ ಆದರೂ ಪರವಾಗಿಲ್ಲ ಅಂತ ಮಾಡಿ, ಬರಿ ಕುಂಕುಮ ಇಟ್ಟು ಕೂರಿಸಿ.

ನಿಮ್ಮೂರಲ್ಲಿ ಮೊದಲ ಕೋಟಿಗೆ ಏನು ಹೊಡೆಯುತ್ತಾರೆ? ಶೆಡ್ಡಿಗೆ ಹೋಗಿ, ಒದ್ದೆ ಬೆರಳಲ್ಲಿ ಮುಟ್ಟಿ ನೋಡಿ, ಡಬ್ಬಿಯ ಮೇಲೆ ಏನು ಬರೆದಿದೆ ಓದಿಕೊಂಡು ಬಂದು ಕಾಮೆಂಟು ಕುಟ್ಟಿ. "ಚೆನ್ನಾಗಿದೆ, ಹೀಗೇ ಬರೆಯುತ್ತಿರಿ" ಅಂತ ಮಾತ್ರ ದಯವಿಟ್ಟು ಹಾಕಬೇಡಿ.